ಕಡಲು ದಾಟಿದ ಚೇಗು

ಅಬುಧಾಬಿಯ ಖಾಲಿದಿಯಾ ಸಾಗುವಾನಿ ಬೆಳೆಯುವ ನೆಲವಲ್ಲ. ಇಡೀ ವರ್ಷ ಬಿದ್ದ ಮಳೆಯನ್ನು ಕೂಡಿಸಿದರೂ 100 ಮಿಲಿಮೀಟರ್ ಮುಟ್ಟುವುದು ಅಪರೂಪ. ಸ್ವಲ್ಪ ಅಗೆದರೆ ಉಪ್ಪುನೀರು ಸಿಗುತ್ತದೆ. ಬೇಸಿಗೆಯ ಬಿಸಿಲು 45 ಡಿಗ್ರಿ ದಾಟುತ್ತದೆ. ಬೀದಿಯಲ್ಲಿ ಹಸಿರಾಗಿ ನಿಂತಿರುವ ಖರ್ಜೂರ, ಬೇವು, ಅಲ್ಲಿಯವರು ಘಾಫ್ ಎಂದು ಕರೆಯುವ ನಮ್ಮ ಬನ್ನಿಮರ ಇವೆಲ್ಲ ಬಹುಮಟ್ಟಿಗೆ ಕೊಳವೆಯಲ್ಲಿ ಬರುವ ನೀರನ್ನು ನಂಬಿಕೊಂಡಿವೆ. ತೇಗಕ್ಕೆ ಇದ್ಯಾವುದೂ ಸಾಲದು. ಅದಕ್ಕೆ 1,200ರಿಂದ 2,500 ಮಿಲಿಮೀಟರ್ ಮಳೆ ಬೇಕು, ಮಳೆ ಮುಗಿದ ಮೇಲೆ ಮೂರು ನಾಲ್ಕು ತಿಂಗಳ ಒಣಹವೆಯೂ ಬೇಕು. ಬೇರಿನ ಬುಡದಲ್ಲಿ ನೀರು ನಿಲ್ಲಬಾರದು, ಮಣ್ಣು ಆಳವಾಗಿರಬೇಕು, ಅದರಲ್ಲಿ ಸುಣ್ಣದಂಶ ಇರಬೇಕು. ಯಲ್ಲಾಪುರ, ದಾಂಡೇಲಿ, ಲಕ್ಕವಳ್ಳಿ, ಕಾಕನಕೋಟೆಯ ಕಾಡುಗಳು ಕೊಡುವಂಥ ನೆಲ ಅದು.

ಆದರೂ ತೇಗವನ್ನು ಬಿಟ್ಟು ಈ ಊರಿನ ಚರಿತ್ರೆಯನ್ನು ಹೇಳಲಾಗದು. ತೈಲ ಸಿಗುವ ಮೊದಲು ಅಬುಧಾಬಿ ಬದುಕಿದ್ದು ಸಮುದ್ರದಿಂದ, ಮುಖ್ಯವಾಗಿ ಮುತ್ತಿನಿಂದ. ಮುತ್ತು ಹೆಕ್ಕಲು ಹೋಗುತ್ತಿದ್ದ ಸಂಬೂಕ್, ಜಾಲಿಬೂತ್, ಬತೀಲ್ ದೋಣಿಗಳ ಮೈಹಲಗೆ ಭಾರತದಿಂದ ಬಂದ ತೇಗ. ಖಾಲಿದಿಯಾಕ್ಕೆ ಹೊಂದಿಕೊಂಡೇ ಇರುವ ಅಲ್ ಬತೀನ್‌ನ ದೋಣಿ ಕಟ್ಟೆಯಲ್ಲಿ ಇತ್ತೀಚಿನ ದಶಕಗಳವರೆಗೂ ಅದೇ ಮರದಿಂದ, ಅದೇ ಹಳೆಯ ರೀತಿಯಲ್ಲಿ ಪಂದ್ಯದ ಹಾಯಿದೋಣಿಗಳನ್ನು ಕಟ್ಟುತ್ತಿದ್ದರು. ಹಲಗೆಗಾಗುವ ಒಂದು ಮರವೂ ಬೆಳೆಯದ ದಡದ ಜನ ಸಾವಿರ ಮೈಲಿಯಾಚೆಯ ಒಂದು ಮರವನ್ನೇ ಹುಡುಕಿಕೊಂಡು ಬಂದದ್ದು ಯಾಕೆ ಎಂಬುದೇ ಈ ಅಧ್ಯಾಯದ ಪ್ರಶ್ನೆ. ಗಟ್ಟಿಯಾದ ಮರ ಬೇಕಿತ್ತು ಎಂಬುದು ಸಾಲುವ ಉತ್ತರವಲ್ಲ. ಸಹ್ಯಾದ್ರಿಯಲ್ಲಿ ತೇಗಕ್ಕಿಂತ ಗಟ್ಟಿಯಾದ ಮರಗಳು ಬೇಕಾದಷ್ಟಿವೆ. ಮತ್ತಿ ಅದಕ್ಕಿಂತ ಭಾರ, ಕಿರಾಲುಬೋಗಿಯಂತೂ ಇನ್ನೂ ಭಾರ. ಒಣಗಿದ ತೇಗದ ಒಂದು ಘನ ಮೀಟರ್ ತೂಗುವುದು 600ರಿಂದ 700 ಕಿಲೋ. ಮರಗಳ ಲೆಕ್ಕದಲ್ಲಿ ಅದು ನಡುತರದ ತೂಕ. ಅದರ ಹಿರಿಮೆಯ ಮೂಲ ಬೇರೆ ಕಡೆ ಇದೆ.

ತೇಗದ ಶಾಸ್ತ್ರೀಯ ಹೆಸರು ಟೆಕ್ಟೋನಾ ಗ್ರಾಂಡಿಸ್. 18ನೇ ಶತಮಾನದ ಕೊನೆಯಲ್ಲಿ ಆ ಹೆಸರಿಟ್ಟವನು ಸಸ್ಯಗಳಿಗೆಲ್ಲ ಜೋಡಿ ಹೆಸರು ಕೊಟ್ಟ ಲಿನೇಯಸ್‌ನ ಮಗ. ತುಳಸಿ, ಪುದೀನ ಸೇರಿದ ಲೇಮಿಯೇಸಿ ಕುಟುಂಬಕ್ಕೇ ಈ ಹೆಮ್ಮರವೂ ಸೇರುತ್ತದೆ. ಜಗತ್ತಿನಲ್ಲಿ ತೇಗ ತಾನಾಗಿ ಬೆಳೆಯುವುದು ನಾಲ್ಕೇ ದೇಶಗಳಲ್ಲಿ: ಭಾರತ, ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್. ಜಾವಾದ ತೇಗ ಬಹಳ ಹಿಂದೆ ಮನುಷ್ಯರು ಕೊಂಡೊಯ್ದು ನೆಟ್ಟದ್ದೆಂದು ಹೆಚ್ಚಿನವರ ಎಣಿಕೆ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ತೋಟಗಳು ಈಚಿನವು.

ಮಲೆನಾಡಿನವರಿಗೆ ಮರದ ಗುರುತು ಹೇಳಬೇಕಿಲ್ಲ. ಮೊರದಷ್ಟು ಅಗಲದ, ಮುಟ್ಟಿದರೆ ಒರಟೊರಟಾದ ಎಲೆ. ಎಳೆಯ ಚಿಗುರನ್ನು ಅಂಗೈಯಲ್ಲಿ ಉಜ್ಜಿದರೆ ಕೆಂಪು ಬಣ್ಣ ಹತ್ತುತ್ತದೆ. ಕರಾವಳಿಯ ಅಡುಗೆಮನೆಗಳಲ್ಲಿ ಆಷಾಢದ ಹೊತ್ತಿಗೆ ಹಲಸಿನಹಣ್ಣಿನ ಗಟ್ಟಿಯನ್ನು ಈ ಎಲೆಯಲ್ಲಿ ಸುತ್ತಿ ಬೇಯಿಸಿದಾಗ ಹೊರಮೈಗೆ ಬರುವ ನಸುಗೆಂಪು ಅದೇ ಬಣ್ಣ. ಮಳೆಗಾಲದ ನಡುವೆ ತುದಿಯಲ್ಲಿ ಬಿಳಿ ಹೂಗೊಂಚಲು ಬರುತ್ತದೆ. ಒಂದೊಂದು ಹೂವಿನ ಆಯಸ್ಸು ಒಂದೇ ಹಗಲು. ಅಷ್ಟರೊಳಗೆ ಜೇನು ಅಥವಾ ಬೇರೊಂದು ಕೀಟ ಬಂದು ಪರಾಗ ಮುಟ್ಟಿಸದಿದ್ದರೆ ಅದು ಉದುರಿತು. ಸಾವಿರಾರು ಹೂ ಬಿಟ್ಟರೂ ಕಾಯಿ ಕಟ್ಟುವುದು ಕೆಲವೇ. ಆ ಕಾಯಿಯೊಳಗಿನ ಗೊರಟೂ ಬಲು ಗಟ್ಟಿ. ರಾತ್ರಿ ನೆನೆಸಿ ಹಗಲು ಒಣಗಿಸಿ, ಹೀಗೆ ಹಲವು ಸಲ ಮಾಡಿದ ಮೇಲೆ ಕೆಲವು ಮೊಳೆಯುತ್ತವೆ. ಅರಣ್ಯ ಇಲಾಖೆಯ ನರ್ಸರಿಗಳು ಈ ಕಾರಣಕ್ಕೇ ಒಂದು ವರ್ಷದ ಸಸಿಯ ಕಾಂಡ ಮತ್ತು ಬೇರುಗಳನ್ನು ಕತ್ತರಿಸಿದ ತುಂಡನ್ನು, ಅಂದರೆ ಸ್ಟಂಪನ್ನು, ನೆಡುವ ಪದ್ಧತಿ ಹಿಡಿದವು. ಬೇಸಿಗೆಯಲ್ಲಿ ಮರ ಪೂರ್ತಿ ಎಲೆ ಉದುರಿಸಿ ನಿಲ್ಲುತ್ತದೆ. ಮಳೆಯ ಕೊನೆಯಲ್ಲಿ ಎಲೆಯ ಹಸಿರನ್ನೆಲ್ಲ ತಿಂದು ನರಗಳ ಜಾಲರಿಯನ್ನಷ್ಟೇ ಉಳಿಸುವ ಹುಳದ ಕಾಟವೂ ಇದೆ. ಕಾಡೇ ಒಣಗಿತೇನೋ ಎಂಬಂತೆ ಕಂಡರೂ ಮರ ಸಾಯುವುದಿಲ್ಲ.

ಮರದ ಹಿರಿಮೆ ಇರುವುದು ಚೇಗಿನಲ್ಲಿ. ಕಡಿದ ದಿಮ್ಮಿಯ ತುದಿಯನ್ನು ನೋಡಿದರೆ ಹೊರಸುತ್ತಿನಲ್ಲಿ ಬಿಳಿ ಮಾಸಲಿನ ಒಂದು ಪಟ್ಟಿ, ಒಳಗೆ ಹೊಂಬಣ್ಣದ ತಿರುಳು. ಹೊರಗಿನದು ಬದುಕಿರುವ ಭಾಗ, ಬೇರಿನಿಂದ ನೀರು ಏರುವುದು ಅದರೊಳಗೆ. ಅಲ್ಲಿನ ಕೆಲವು ಕೋಶಗಳು ಪಿಷ್ಟ, ಸಕ್ಕರೆ ಕೂಡಿಟ್ಟುಕೊಂಡು ಜೀವಂತವಾಗಿರುತ್ತವೆ. ಮರ ದಪ್ಪವಾದಂತೆ ಒಳಗಿನ ಉಂಗುರಗಳಿಗೆ ನೀರು ಸಾಗಿಸುವ ಕೆಲಸ ಉಳಿಯುವುದಿಲ್ಲ. ಆಗ ಆ ಕೋಶಗಳು ಸಾಯುತ್ತವೆ, ಸಾಯುವ ಮುನ್ನ ಒಂದು ದೊಡ್ಡ ಕೆಲಸ ಮಾಡುತ್ತವೆ. ಕೂಡಿಟ್ಟ ಆಹಾರವನ್ನು ಒಡೆದು ಹೊಸ ರಾಸಾಯನಿಕಗಳನ್ನು ಕಟ್ಟಿ ಸುತ್ತಲಿನ ಗೋಡೆಗಳಿಗೆ ತುಂಬುತ್ತವೆ. ನೀರಿನ ಕೊಳವೆಗಳೊಳಕ್ಕೆ ಗುಳ್ಳೆಯಂತೆ ಉಬ್ಬಿ ಬಂದು ದಾರಿ ಮುಚ್ಚುತ್ತವೆ. ಹೀಗೆ ಸತ್ತ, ಮುಚ್ಚಿದ, ವಿಷ ತುಂಬಿದ ಮರವೇ ಚೇಗು.

ಆ ರಾಸಾಯನಿಕಗಳಲ್ಲಿ ಹೆಸರಿಸಬೇಕಾದವು ಟೆಕ್ಟೋಕ್ವಿನೋನ್, ಲಪಕೋಲ್ ಮತ್ತು ಅದರ ಹತ್ತಿರದ ಬಂಧು ಡಿಆಕ್ಸಿಲಪಕೋಲ್. ಗೆದ್ದಲು ಟೆಕ್ಟೋಕ್ವಿನೋನ್ ಇರುವ ಮರವನ್ನು ದೂರವಿಡುತ್ತದೆ, ಶಿಲೀಂಧ್ರಕ್ಕೆ ಕ್ವಿನೋನ್‌ಗಳು ಆಗಿಬರುವುದಿಲ್ಲ. ಇವುಗಳ ಜೊತೆಗೆ ತೇಗದಲ್ಲಿ ಎಣ್ಣೆಯಂಥ ಪದಾರ್ಥಗಳಿವೆ, ಅಲ್ಪ ಪ್ರಮಾಣದಲ್ಲಿ ರಬ್ಬರೂ ಇದೆ. ಹೊಸದಾಗಿ ಕೀಸಿದ ಹಲಗೆಯ ಮೇಲೆ ಕೈಯಾಡಿಸಿದರೆ ಮೇಣ ಸವರಿದಂತೆ ನುಣುಪಾಗಿರುವುದೂ ಹಳೆಯ ಚರ್ಮದಂಥ ವಾಸನೆ ಬರುವುದೂ ಇದರಿಂದಲೇ. ನೀರು ಒಳಗೆ ಇಳಿಯುವುದು ನಿಧಾನ. ಮರದ ಕೆಲಸ ಮಾಡುವವರಿಗೆ ಇದೇ ಗುಣಗಳು ತೊಂದರೆಯೂ ಹೌದು. ಚೇಗಿನಲ್ಲಿ ಸಿಲಿಕಾ ಕಣಗಳಿರುವುದರಿಂದ ಗರಗಸದ ಹಲ್ಲು, ಉಳಿಯ ಬಾಯಿ ಬೇಗ ಮೊಂಡಾಗುತ್ತವೆ. ಎಣ್ಣೆಯಿಂದಾಗಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟು ಹಚ್ಚುವ ಮೊದಲು ಆಸಿಟೋನ್‌ನಲ್ಲಿ ಒರೆಸುವವರಿದ್ದಾರೆ. ತೇಗದ ಹುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಮುಸಫ್ಫಾದ ಮರಗೆಲಸದ ಶೆಡ್ಡುಗಳಲ್ಲಿ ದಿನವಿಡೀ ಇದೇ ಹುಡಿಯಲ್ಲಿ ನಿಲ್ಲುವ ನಮ್ಮ ಆಚಾರಿಗಳು, ಬಡಗಿಗಳು ಮೂಗು ಬಾಯಿ ಮುಚ್ಚಿಕೊಳ್ಳುವುದು, ತೋಳು ಮುಚ್ಚುವ ಅಂಗಿ ಹಾಕುವುದು ಅಗತ್ಯ. ಗೆದ್ದಲಿಗೆ ಒಗ್ಗದ ಪದಾರ್ಥ ನಮ್ಮ ಮೈಗೂ ಒಗ್ಗದಿರಬಹುದು ಎಂಬ ಎಚ್ಚರ ಇರಬೇಕು.

ಮರದ ಬಾಳಿಕೆಯನ್ನು ಅಳೆಯುವ ಸರಳ ವಿಧಾನವೊಂದಿದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂಥ ಕಡೆಗಳಲ್ಲಿ ಅದನ್ನು ‘ಸ್ಮಶಾನ ಪರೀಕ್ಷೆ’ ಎನ್ನುತ್ತಾರೆ. ಬೇರೆ ಬೇರೆ ಮರದ ಗೂಟಗಳನ್ನು ಗೆದ್ದಲಿರುವ ಬಯಲಿನಲ್ಲಿ ಅರ್ಧ ಹೂತು, ಆಗಾಗ ಕಿತ್ತು ನೋಡುವುದು. ಸರಾಸರಿ 60 ತಿಂಗಳೊಳಗೆ ಹಾಳಾದರೆ ಕೊನೆಯ ದರ್ಜೆ, 60ರಿಂದ 120 ತಿಂಗಳು ಬಾಳಿದರೆ ನಡುವಿನದು, 120 ತಿಂಗಳು ದಾಟಿದರೆ ಮೊದಲ ದರ್ಜೆ. ಬಲಿತ ತೇಗದ ಚೇಗು ಮೊದಲ ದರ್ಜೆಯದು. ಅದೇ ಮರದ ಹೊರಗಿನ ಬಿಳಿಭಾಗ ಕೊನೆಯ ದರ್ಜೆಯದು. ಒಂದೇ ಮರ, ಒಂದೇ ದಿಮ್ಮಿ, ಒಂದು ಅಂಗುಲದ ಅಂತರದಲ್ಲಿ ಇಷ್ಟು ವ್ಯತ್ಯಾಸ. ‘ತೇಗ’ ಎಂಬ ಹೆಸರಿಗೆ ಹಣ ಕೊಡುವವರು ನೆನಪಿಡಬೇಕಾದ ಮೊದಲ ಸಂಗತಿ ಇದು.

ಇನ್ನೊಂದು ಗುಣವನ್ನು ಖಾಲಿದಿಯಾದ ಯಾವುದೇ ಮನೆಬಾಗಿಲಲ್ಲಿ ನಿಂತು ಅರ್ಥಮಾಡಿಕೊಳ್ಳಬಹುದು. ಆಗಸ್ಟ್ ತಿಂಗಳ ರಾತ್ರಿ ಕಡಲಗಾಳಿಯ ತೇವ ನೂರಕ್ಕೆ 80–90ಕ್ಕೆ ಏರುತ್ತದೆ. ಹೊರಬಂದ ಕ್ಷಣ ಕನ್ನಡಕ ಮಂಜಾಗುತ್ತದೆ. ಒಳಗೆ ಏಸಿ ಹಾಕಿದ ಕೋಣೆಯಲ್ಲಿ ತೇವ ಅದರ ಅರ್ಧ. ಮರ ಸತ್ತ ಮೇಲೂ ಗಾಳಿಯ ತೇವಕ್ಕೆ ತಕ್ಕಂತೆ ನೀರನ್ನು ಹೀರಿ, ಬಿಟ್ಟು ಮಾಡುತ್ತಲೇ ಇರುತ್ತದೆ. ಗಾಳಿಯ ತೇವ 50 ಇದ್ದಾಗ ಮರ ತನ್ನ ಒಣತೂಕದ ನೂರಕ್ಕೆ ಸುಮಾರು 9ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತೇವ 90 ಆದರೆ 20ರ ಹತ್ತಿರ ಹೋಗುತ್ತದೆ. ನೀರು ಹೀರಿದ ಮರ ಅಡ್ಡಗಲಕ್ಕೆ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಒಂದು ಮುಖ ಒಣಹವೆಗೆ, ಇನ್ನೊಂದು ಮುಖ ಕಡಲಗಾಳಿಗೆ ಒಡ್ಡಿಕೊಂಡ ಬಾಗಿಲು ಡೊಂಕಾಗದೆ ಇರಬೇಕಾದರೆ ಈ ಉಬ್ಬುಕುಗ್ಗು ಕಡಿಮೆ ಇರುವ ಮರ ಬೇಕು.

ಲೆಕ್ಕ ಹಾಕಿ ನೋಡೋಣ. 20 ಸೆಂಟಿಮೀಟರ್ ಅಗಲದ, ಉಂಗುರಗಳಿಗೆ ಸಮಾಂತರವಾಗಿ ಕೊಯ್ದ ತೇಗದ ಹಲಗೆಯ ತೇವಾಂಶ ನೂರಕ್ಕೆ 5ರಷ್ಟು ಹೆಚ್ಚಾದರೆ ಅದು ಅಗಲದಲ್ಲಿ ಸುಮಾರು 1.9 ಮಿಲಿಮೀಟರ್ ಉಬ್ಬುತ್ತದೆ. ಅಮೆರಿಕದ ಬಿಳಿ ಓಕ್ ಹಲಗೆ ಅಷ್ಟೇ ತೇವಕ್ಕೆ 3.6 ಮಿಲಿಮೀಟರ್ ಉಬ್ಬುತ್ತದೆ, ಹೆಚ್ಚುಕಡಿಮೆ ಎರಡರಷ್ಟು. ತೇಗದ ಹಲಗೆಯನ್ನು ಉಂಗುರಗಳಿಗೆ ಅಡ್ಡವಾಗಿ ಕೊಯ್ದಿದ್ದರೆ ಒಂದೇ ಮಿಲಿಮೀಟರ್. ದೋಣಿಯ ಮೈಯಲ್ಲಿ ಪಕ್ಕಪಕ್ಕ ಕೂರುವ ಹತ್ತಾರು ಹಲಗೆಗಳಿಗೆ ಈ ಲೆಕ್ಕ ಹಾಕಿದರೆ ಸಂದಿ ಬಿಡುವ ದೋಣಿಗೂ ಬಿಡದ ದೋಣಿಗೂ ಇರುವ ವ್ಯತ್ಯಾಸ ಹೊಳೆಯುತ್ತದೆ. ಮುತ್ತಿನ ದೋಣಿಗಳು ವರ್ಷದಲ್ಲಿ ಕೆಲವು ತಿಂಗಳು ನೀರಲ್ಲಿ, ಉಳಿದ ತಿಂಗಳು ಸುಡುವ ಮರಳಿನ ಮೇಲೆ ಇರುತ್ತಿದ್ದವು. ನೆನೆದು ಒಣಗಿ, ಒಣಗಿ ನೆನೆದೂ ಬಿರುಕು ಬಿಡದಿರುವ ಮರ ಅವಕ್ಕೆ ಬೇಕಿತ್ತು.

ಕಬ್ಬಿಣದ ಮೊಳೆಯ ವಿಷಯವೂ ಇದಕ್ಕೆ ಸೇರುತ್ತದೆ. ಓಕ್ ಮರದಲ್ಲಿ ಟ್ಯಾನಿನ್ ಮತ್ತು ಆಮ್ಲ ಹೆಚ್ಚು. ನೀರು ತಗಲಿದರೆ ಅದು ಮೊಳೆಯನ್ನು ತಿನ್ನುತ್ತದೆ, ಮೊಳೆಯ ತುಕ್ಕು ಮರವನ್ನು ತಿನ್ನುತ್ತದೆ. ಎಣ್ಣೆಯಂಶವಿರುವ ತೇಗ ಕಬ್ಬಿಣವನ್ನು ಹಾಗೆ ಕೆಡಿಸುವುದಿಲ್ಲ. ಬ್ರಿಟಿಷರು ತಮ್ಮ ಯುದ್ಧನೌಕೆಗಳನ್ನು ಮುಂಬಯಿಯ ವಾಡಿಯಾ ಕುಟುಂಬದ ಕೈಯಲ್ಲಿ ತೇಗದಿಂದ ಕಟ್ಟಿಸಿದ್ದಕ್ಕೆ ಇದೂ ಒಂದು ಕಾರಣ. 1817ರಲ್ಲಿ ಮುಂಬಯಿಯಲ್ಲಿ ನೀರಿಗಿಳಿದ ಟ್ರಿಂಕೋಮಲಿ ಎಂಬ ನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ.

ಆದರೆ ತೇಗಕ್ಕೆ ಸೋಲೇ ಇಲ್ಲವೆನ್ನುವ ಮಾತನ್ನು ನಂಬಬೇಡಿ. ಸಮುದ್ರದಲ್ಲಿ ಹಡಗುಹುಳವೆಂಬ ಜೀವಿಯಿದೆ. ಹೆಸರು ಹುಳವಾದರೂ ಅದು ಮರುವಾಯಿ, ಕಪ್ಪೆಚಿಪ್ಪುಗಳ ಜಾತಿಯದು. ಎರಡು ಪುಟ್ಟ ಚಿಪ್ಪುಗಳನ್ನು ಅರದಂತೆ ಬಳಸಿ ಮರ ಕೊರೆದು ಒಳಗೇ ಬದುಕುತ್ತದೆ. ನೀರು ಬೆಚ್ಚಗಿರುವ ಬಂದರುಗಳಲ್ಲಿ ಅದು ತೇಗವನ್ನೂ ಬಿಡುವುದಿಲ್ಲ, ಬೇರೆ ಮರಗಳಿಗಿಂತ ತಡವಾಗಿ ಕೊರೆಯುತ್ತದೆ ಅಷ್ಟೆ. ಕೊಲ್ಲಿಯ ನಾವಿಕರಿಗೆ ಇದು ಚೆನ್ನಾಗಿ ಗೊತ್ತಿತ್ತು. ನೀರಿನ ಕೆಳಗಿನ ಭಾಗಕ್ಕೆ ಸುಣ್ಣ ಮತ್ತು ಪ್ರಾಣಿಕೊಬ್ಬು ಕಲಸಿ ಬಳಿಯುತ್ತಿದ್ದರು, ಮೇಲಿನ ಭಾಗಕ್ಕೆ ಮೀನೆಣ್ಣೆ ಸವರುತ್ತಿದ್ದರು. ಕೆಲವು ತಿಂಗಳಿಗೊಮ್ಮೆ ದೋಣಿಯನ್ನು ದಡಕ್ಕೆಳೆದು ಹಳೆಯ ಲೇಪ ಕೆರೆದು ಹೊಸದನ್ನು ಹಚ್ಚಬೇಕಿತ್ತು. ನೂರು ವರ್ಷ ಬಾಳಿದ ದೋಣಿಯ ಹಿಂದೆ ಒಳ್ಳೆಯ ಮರದಷ್ಟೇ ಈ ಬೇಸರವಿಲ್ಲದ ಆರೈಕೆಯೂ ಇದೆ.

ದೋಣಿ ಕಟ್ಟುವವನನ್ನು ಅಲ್ಲಿ ಗಲ್ಲಾಫ್ ಎನ್ನುತ್ತಾರೆ. ಕಾಗದದ ಮೇಲೆ ನಕ್ಷೆಯಿಲ್ಲ. ಮೊದಲು ಅಡಿಗಟ್ಟಿಗೆ ಇಟ್ಟು, ಅದಕ್ಕೆ ಒಂದರ ಮೇಲೊಂದು ಹಲಗೆ ಜೋಡಿಸಿ ಹೊರಮೈಯನ್ನು ರೂಪಿಸಿ, ಆಮೇಲೆ ಒಳಗಿನ ಪಕ್ಕೆಲುಬುಗಳನ್ನು ಕೂರಿಸುತ್ತಾರೆ. ಯುರೋಪಿನವರು ಮಾಡುತ್ತಿದ್ದ ಕ್ರಮಕ್ಕೆ ಇದು ತಿರುಗುಮುರುಗು. ಹಲಗೆಗೆ ಉದ್ದನೆಯ, ನೇರ ಎಳೆಯ ತೇಗ ಬೇಕು. ಪಕ್ಕೆಲುಬಿಗೆ ತಾನಾಗಿ ಬಾಗಿ ಬೆಳೆದ ಜಾಲಿ ಜಾತಿಯ ಕೊಂಬೆಗಳು ಆಗುತ್ತವೆ. ಪಟದ ಕಂಬಕ್ಕೆ ಕೊಡಗು ಮತ್ತು ಕೆನರಾದ ಕಾಡುಗಳಿಂದ ಹೋಗುತ್ತಿದ್ದ ‘ಪೂನ್’ ಮರದ ಉದ್ದ ಕಾಂಡಗಳಿಗೆ ದೊಡ್ಡ ಹೆಸರಿತ್ತು. ಹಾಯಿಹಗ್ಗ ನಮ್ಮ ಕರಾವಳಿಯ ತೆಂಗಿನ ನಾರಿನದು. ಒಂದು ದೋಣಿಯ ಬಹುಪಾಲು ನಮ್ಮ ಘಟ್ಟದಿಂದಲೂ ತೀರದಿಂದಲೂ ಹೋದದ್ದು ಎಂದರೆ ಉತ್ಪ್ರೇಕ್ಷೆಯಲ್ಲ.

ಈ ವ್ಯಾಪಾರ ಎಷ್ಟು ಹಳೆಯದೆಂದರೆ, ಕ್ರಿ.ಶ. ಮೊದಲ ಶತಮಾನದ ಪೆರಿಪ್ಲಸ್ ಎಂಬ ಗ್ರೀಕ್ ಕಡಲಕೈಪಿಡಿ ಭರೂಚ್ ಬಂದರಿನಿಂದ ಕೊಲ್ಲಿಯ ಬಂದರುಗಳಿಗೆ ದೊಡ್ಡ ಹಡಗುಗಳಲ್ಲಿ ತಾಮ್ರದ ಜೊತೆ ಮರದ ತೊಲೆಗಳು ಹೋಗುತ್ತಿದ್ದುದನ್ನು ಬರೆದಿದೆ. ಕೆಂಪು ಸಮುದ್ರದ ದಡದ ಬೆರೆನಿಕೆಯ ಉತ್ಖನನದಲ್ಲಿ ರೋಮನ್ ಕಾಲದ ಕಟ್ಟಡಗಳಲ್ಲಿ ತೇಗ ಸಿಕ್ಕಿತು. ಒಡೆದ ಹಡಗುಗಳ ಹಲಗೆಯನ್ನು ಅಲ್ಲಿನವರು ಮನೆಗೆ ಮತ್ತೆ ಬಳಸಿಕೊಂಡಿದ್ದರು. 10ನೇ ಶತಮಾನದ ಭೂಗೋಳಕಾರ ಅಲ್ ಇಸ್ತಖ್ರಿ ಕೊಲ್ಲಿಯ ಇರಾನ್ ದಡದ ಸಿರಾಫ್ ಪಟ್ಟಣದ ಶ್ರೀಮಂತರ ಮನೆಗಳು ತೇಗದಿಂದ ಮತ್ತು ಪೂರ್ವ ಆಫ್ರಿಕಾದ ಮರದಿಂದ ಕಟ್ಟಿದವು ಎಂದು ದಾಖಲಿಸಿದ್ದಾನೆ. ಟಿಪ್ಪು ಸುಲ್ತಾನ ಮಸ್ಕತ್‌ನಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟಿದ್ದ. ಮಂಗಳೂರಿನಿಂದ ಅಕ್ಕಿ, ಮೆಣಸು, ಗಂಧ ಅತ್ತ ಹೋಗುತ್ತಿದ್ದವು. ಅವನ ನಂತರ ಬಂದ ಈಸ್ಟ್ ಇಂಡಿಯಾ ಕಂಪನಿ ತೇಗವನ್ನೆಲ್ಲ ತನ್ನ ನೌಕೆಗಳಿಗೆ ಬಾಚಿಕೊಳ್ಳಲು 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಅರಣ್ಯ ಸಂರಕ್ಷಕನಾಗಿ ನೇಮಿಸಿತು. ಹೆಸರು ಸಂರಕ್ಷಕ, ಕೆಲಸ ಏಕಸ್ವಾಮ್ಯ. ಜನರ, ವ್ಯಾಪಾರಿಗಳ ಕೂಗು ಹೆಚ್ಚಾಗಿ, ಥಾಮಸ್ ಮನ್ರೋ ಮದ್ರಾಸಿನ ಗವರ್ನರ್ ಆಗಿದ್ದಾಗ ಆ ಹುದ್ದೆಯೇ ರದ್ದಾಯಿತು. ಅಷ್ಟರಲ್ಲಿ ಹೊಳೆದಂಡೆಯ ಸುಲಭದ ಮರ ಬಹಳಷ್ಟು ಹೋಗಿತ್ತು. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕನೋಲಿ ಮತ್ತು ಅವನ ಕೈಕೆಳಗಿದ್ದ ಚಾತು ಮೆನನ್ ನಿಲಂಬೂರಿನಲ್ಲಿ ತೇಗದ ತೋಟ ಎಬ್ಬಿಸಿದ್ದು ಈ ಕೊರತೆ ಕಣ್ಣಿಗೆ ಹೊಡೆದಿದ್ದರಿಂದ.

ಕೊಲ್ಲಿಯ ಹಾಯಿಹಡಗುಗಳು 20ನೇ ಶತಮಾನದ ನಡುಭಾಗದವರೆಗೂ ಖರ್ಜೂರ ತುಂಬಿಕೊಂಡು ಮಂಗಳೂರು, ಕಲ್ಲಿಕೋಟೆಗಳಿಗೆ ಬರುತ್ತಿದ್ದವು. ಮರ, ನಾರಿನ ಹಗ್ಗ, ಸಂಬಾರ ಸಾಮಾನು ಹೇರಿಕೊಂಡು ಮರಳುತ್ತಿದ್ದವು. ಆಸ್ಟ್ರೇಲಿಯದ ನಾವಿಕ ಲೇಖಕ ಅಲನ್ ವಿಲಿಯರ್ಸ್ 1938–39ರಲ್ಲಿ ಇಂಥದೊಂದು ಕುವೈತ್ ಹಡಗಿನಲ್ಲಿ ಪಯಣಿಸಿ ಬರೆದ ಪುಸ್ತಕದಲ್ಲಿ ಆ ಲೋಕದ ಕೊನೆಯ ದಿನಗಳು ಉಳಿದಿವೆ.

ಮನೆ ಕಟ್ಟುವಲ್ಲಿಯೂ ಮರದ ಕೊರತೆ ಕಾಣುತ್ತದೆ. ಖಾಲಿದಿಯಾದ ನೆರೆಯ ಕಸ್ರ್ ಅಲ್ ಹೊಸ್ನ್ ಅಬುಧಾಬಿಯ ಅತಿ ಹಳೆಯ ಕಟ್ಟಡ. ಗೋಡೆ ಹವಳದ ಕಲ್ಲಿನದು, ಮಾಡಿಗೆ ಕಾಂಡ್ಲಾ ಮರದ ಗಳಗಳು. ಈ ಗಳಗಳು ಪೂರ್ವ ಆಫ್ರಿಕಾದ ನದೀಮುಖಗಳಿಂದ ಹಡಗಿನಲ್ಲಿ ಬರುತ್ತಿದ್ದವು. ಕೊಲ್ಲಿಯ ಹಳೆಯ ಮನೆಗಳ ಕೋಣೆಗಳ ಅಗಲ ಮೂರು ನಾಲ್ಕು ಮೀಟರ್ ದಾಟದಿರುವುದಕ್ಕೆ ಆ ಗಳದ ಉದ್ದವೇ ಕಾರಣ. ಅಗ್ಗದ ಗಳ ಮೇಲಕ್ಕೆ, ದುಬಾರಿ ತೇಗ ಬಾಗಿಲಿಗೆ, ಕಿಟಕಿಗೆ. 1896ರಲ್ಲಿ ಕಟ್ಟಿದ ದುಬೈನ ಶೇಖ್ ಸಯೀದ್ ಅಲ್ ಮಕ್ತೂಮ್ ಮನೆಯ ಕೆತ್ತನೆಯ ಬಾಗಿಲುಗಳನ್ನು ನೋಡಿದ ಕರಾವಳಿಯವರಿಗೆ ಗುತ್ತಿನ ಮನೆಯ ಹೆಬ್ಬಾಗಿಲು ನೆನಪಾಗದೆ ಇರದು.

ಈ ಮರದ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ಅದಕ್ಕೂ ಮಳೆಗೂ ಇರುವ ಸಂಬಂಧ. ಉಷ್ಣವಲಯದ ಹೆಚ್ಚಿನ ಮರಗಳಲ್ಲಿ ವರ್ಷದ ಉಂಗುರ ಸ್ಪಷ್ಟವಾಗಿರುವುದಿಲ್ಲ, ಬೆಳವಣಿಗೆ ನಿಲ್ಲುವ ಋತುವೇ ಅವಕ್ಕಿಲ್ಲ. ತೇಗ ಬೇಸಿಗೆಯಲ್ಲಿ ಪೂರ್ತಿ ನಿಂತು, ಮಳೆ ಬಂದ ಕೂಡಲೇ ದೊಡ್ಡ ದೊಡ್ಡ ನೀರುಗೊಳವೆಗಳನ್ನು ಒಂದು ಸಾಲಿನಲ್ಲಿ ಕಟ್ಟುತ್ತದೆ, ಆಮೇಲೆ ಬಿಗಿಯಾದ ಸಣ್ಣ ರಂಧ್ರಗಳ ಮರ ಬೆಳೆಸುತ್ತದೆ. ಹಾಗಾಗಿ ಪ್ರತಿವರ್ಷದ ಗೆರೆ ಕಣ್ಣಿಗೇ ಕಾಣುತ್ತದೆ. ಮಳೆ ಕೈಕೊಟ್ಟ ವರ್ಷ ಉಂಗುರ ತೆಳು. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಕೇರಳದ ತೇಗದ ಉಂಗುರಗಳನ್ನು ಅಳೆದು 1481ರಿಂದ 2003ರವರೆಗಿನ 523 ವರ್ಷಗಳ ಸರಣಿಯನ್ನು ಕಟ್ಟಿ 2010ರಲ್ಲಿ ಪ್ರಕಟಿಸಿದರು. ಪೆಸಿಫಿಕ್ ಸಾಗರ ಬಿಸಿಯೇರಿದ ಎಲ್ ನಿನ್ಯೋ ವರ್ಷಗಳ ಬರ ಆ ಮರಗಳಲ್ಲಿ ತೆಳು ಉಂಗುರಗಳಾಗಿ ದಾಖಲಾಗಿದೆ.

ಈಗ ಹಡಗಿನ ಪಂಚಾಂಗವನ್ನು ಪಕ್ಕದಲ್ಲಿಟ್ಟು ನೋಡಿ. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯ ಮುಂಗಾರಿನ ಅಬ್ಬರಕ್ಕೆ ನಮ್ಮ ಬಂದರುಗಳು ಮುಚ್ಚುತ್ತಿದ್ದವು. ಆ ತಿಂಗಳುಗಳಲ್ಲೇ ಘಟ್ಟದ ಮೇಲೆ ತೇಗ ಮೈತುಂಬಿಕೊಳ್ಳುತ್ತಿತ್ತು. ಮಳೆ ನಿಂತು ಗಾಳಿ ಈಶಾನ್ಯಕ್ಕೆ ತಿರುಗಿದ ಮೇಲೆ ಮರ ಎಲೆ ಉದುರಿಸುತ್ತಿತ್ತು. ಕಾಡಿನಲ್ಲಿ ಕೊಡಲಿ ಆಡುತ್ತಿತ್ತು. ದಡದಲ್ಲಿ ಹಡಗುಗಳು ಮರ ಹೇರಿಕೊಂಡು ಅದೇ ಈಶಾನ್ಯ ಗಾಳಿಯಲ್ಲಿ ಕೊಲ್ಲಿಯತ್ತ ಪಟ ಬಿಚ್ಚುತ್ತಿದ್ದವು. ಹಲಗೆಯ ಉಂಗುರವನ್ನೂ ಹಡಗಿನ ಹಾದಿಯನ್ನೂ ಬರೆದದ್ದು ಒಂದೇ ಮಾರುತ. ಮಳೆಯೇ ಅಪರೂಪವಾದ ಅಬುಧಾಬಿಯ ಹಳೆಯ ದೋಣಿಯೊಂದರ ಹಲಗೆಯನ್ನು ಅಡ್ಡ ಕೊಯ್ದು ನೋಡಿದರೆ ಸಹ್ಯಾದ್ರಿಯ ಒಂದೊಂದು ಮಳೆಗಾಲವೂ ಅದರಲ್ಲಿ ಗೆರೆಗಳಾಗಿ ಸಿಗುತ್ತದೆ.

ಇಷ್ಟೆಲ್ಲ ಹೊಗಳಿಕೆಗೆ ಪಾತ್ರವಾದದ್ದು ಬಲಿತ ಕಾಡುತೇಗ ಎಂಬುದನ್ನು ಮರೆಯಬಾರದು. ಚೇಗು ಹುಟ್ಟುವುದು ಗಿಡ ಕೆಲವು ವರ್ಷದ್ದಾದ ಮೇಲೆ. ಮೊದಮೊದಲು ಕಟ್ಟುವ ಚೇಗಿನಲ್ಲಿ ಕಾಪಿಡುವ ರಾಸಾಯನಿಕಗಳು ಕಡಿಮೆ. ಭದ್ರಾ ಅಭಯಾರಣ್ಯದ ‘ಜಾಗರ ಜೈಂಟ್’ ಎಂಬ ಐದು ಮೀಟರ್ ಸುತ್ತಳತೆಯ ತೇಗದ ಎದುರು ನಿಂತರೆ ಅದು ಕೂಡಿಟ್ಟ ಶತಮಾನಗಳ ಅಂದಾಜು ಸಿಗುತ್ತದೆ. ನಮ್ಮ ಅರಣ್ಯ ಇಲಾಖೆಗಳ ನೆಡುತೋಪುಗಳಲ್ಲಿ ಮರವನ್ನು 50–60 ವರ್ಷ, ಕೆಲವು ಕಡೆ ಇನ್ನೂ ಹೆಚ್ಚು ಬೆಳೆಸುವುದು ವಾಡಿಕೆ. ಇಂದು ಮಾರುಕಟ್ಟೆಗೆ ಬರುತ್ತಿರುವ ತೋಟದ ತೇಗದ ದೊಡ್ಡ ಪಾಲು 15–25 ವರ್ಷದ್ದು. ಕೇರಳದ ಪೀಚಿಯಲ್ಲಿರುವ ಅರಣ್ಯ ಸಂಶೋಧನಾ ಸಂಸ್ಥೆಯ ಅಧ್ಯಯನಗಳು ಹೇಳಿದ್ದಿಷ್ಟು: ಬಲದ ಮಟ್ಟಿಗೆ 20 ವರ್ಷದ ಮರ ಹಳೆಯದಕ್ಕೆ ಅಷ್ಟೇನೂ ಹಿಂದೆ ಬೀಳುವುದಿಲ್ಲ, ಆದರೆ ಎಳೆಯ ಮರದ ಒಳತಿರುಳು ಶಿಲೀಂಧ್ರಕ್ಕೆ ಬೇಗ ಸೋಲುತ್ತದೆ. ಹೊರಗಿನ ಬಿಳಿಭಾಗವೂ ಎಳೆಯ ಮರದಲ್ಲೇ ಹೆಚ್ಚು. ಕುರ್ಚಿ, ಮೇಜು, ಒಳಬಾಗಿಲುಗಳಿಗೆ ಅದು ಚೆನ್ನಾಗಿಯೇ ಆಗುತ್ತದೆ. ಮಳೆಗೆ, ಮಣ್ಣಿಗೆ, ಕಡಲಿಗೆ ಒಡ್ಡುವ ಕೆಲಸಕ್ಕೆ ಅದರ ಮೇಲೆ ಭಾರ ಹಾಕಬಾರದು.

ಈ ಭೇದ ತಿಳಿಯದವರ ಎಷ್ಟೋ ಹಣ 1990ರ ದಶಕದಲ್ಲಿ ಮುಳುಗಿತು. ತೇಗದ ತೋಟದಲ್ಲಿ ಯೂನಿಟ್ ಕೊಂಡರೆ 20 ವರ್ಷಕ್ಕೆ ಲಕ್ಷಗಟ್ಟಲೆ ಬರುತ್ತದೆಂಬ ಜಾಹೀರಾತುಗಳು ದಕ್ಷಿಣ ಭಾರತದ ಪತ್ರಿಕೆಗಳ ತುಂಬ ಬರುತ್ತಿದ್ದವು. ಪರದೇಶದಲ್ಲಿ ದುಡಿಯುವವರ ಉಳಿತಾಯದ ಮೇಲೂ ಜಾಹೀರಾತು ಕೊಟ್ಟ ಕಂಪನಿಗಳ ಕಣ್ಣಿತ್ತು. ಅಂಥ ಕಂಪನಿಗಳು ಹಲವು ಬಾಗಿಲು ಹಾಕಿದವು. ಮೋಸ ಒಂದು ಕಡೆಯಿರಲಿ, ಆ ಲೆಕ್ಕವೇ ತಪ್ಪಾಗಿತ್ತು: ನೂರು ವರ್ಷದ ಕಾಡುಮರದ ಬೆಲೆಯನ್ನು 20 ವರ್ಷದ ತೋಟದ ಮರಕ್ಕೆ ಕಟ್ಟಿದ್ದರು.

ನೂರು ವರ್ಷದ ಮರವನ್ನು ಕೊಡುವ ಕಾಡು ಈಗ ಬಹಳ ಉಳಿದಿಲ್ಲ. ಥಾಯ್ಲೆಂಡ್ 1989ರಲ್ಲಿ ಕಾಡಿನ ಮರ ಕಡಿಯುವುದನ್ನು ನಿಷೇಧಿಸಿತು. ಮ್ಯಾನ್ಮಾರ್ 2014ರಲ್ಲಿ ದಿಮ್ಮಿಗಳ ರಫ್ತು ನಿಲ್ಲಿಸಿತು. ತೇಗದ ತವರಾದ ಭಾರತವೇ ಇಂದು ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ತೋಟಗಳಿಂದ ತೇಗ ತರಿಸಿಕೊಳ್ಳುತ್ತಿದೆ. ಕೊಲ್ಲಿಯಲ್ಲಿ ಮೀನುದೋಣಿಗಳು ಫೈಬರ್‌ಗ್ಲಾಸಿಗೆ ತಿರುಗಿ ದಶಕಗಳಾದವು. ಮರದ ದೋಣಿಯನ್ನು ಮುಖ್ಯವಾಗಿ ಉಳಿಸಿಕೊಂಡಿರುವುದು ಪರಂಪರೆಯ ಪಂದ್ಯಗಳು. 1991ರಿಂದ ಸರ್ ಬು ನೈರ್ ದ್ವೀಪದಿಂದ ದುಬೈವರೆಗೆ ನಡೆಯುವ ಅಲ್ ಗಫಾಲ್ ಓಟದಲ್ಲಿ 60 ಅಡಿಯ ಹಾಯಿದೋಣಿಗಳು ಇಂದಿಗೂ ಸಾಲುಗಟ್ಟುತ್ತವೆ. ಮೀನುದೋಣಿಗಳು ಮರವನ್ನು ಬಿಟ್ಟದ್ದನ್ನು ನಾನು ನಷ್ಟವೆನ್ನಲಾರೆ. ಪ್ರತಿ ಮೀನುದೋಣಿಗೂ ಒಂದೊಂದು ಶತಮಾನದ ಮರವನ್ನು ಕೊಡುವಷ್ಟು ಸಹ್ಯಾದ್ರಿ ಉಳಿದಿಲ್ಲ, ಉಳಿದಿದ್ದರೂ ಕೊಡಬೇಕಾಗಿಲ್ಲ.

ಊರಲ್ಲಿ ಮನೆ ಕಟ್ಟಿಸುತ್ತಿರುವ, ಅಬುಧಾಬಿಯಲ್ಲೋ ದುಬೈಯಲ್ಲೋ ಪೀಠೋಪಕರಣ ಕೊಳ್ಳುತ್ತಿರುವ ಓದುಗರಿಗೆ ಒಂದೆರಡು ಮಾತು. ಅಂಗಡಿಯವನು ‘ಬರ್ಮಾ ತೇಗ’ ಎಂದಾಗ ಹೆಸರಿಗೆ ಮಣಿಯದೆ ಹಲಗೆಯ ತುದಿ ತೋರಿಸಲು ಕೇಳಿ. ಉಂಗುರಗಳು ಅಲ್ಲಿ ಕಾಣುತ್ತವೆ, ಬಿಳಿಭಾಗ ಎಷ್ಟಿದೆ ಎಂಬುದೂ ಕಾಣುತ್ತದೆ. ತುದಿ ತೋರಿಸಲಾಗದ ಬಾಗಿಲು ಬಹುತೇಕ ಪ್ಲೈವುಡ್ಡಿನ ಮೇಲೆ ಅಂಟಿಸಿದ ತೆಳು ತೇಗದ ಹಾಳೆ. ಫ್ಲ್ಯಾಟಿನ ಒಳಗಿನ ಕೋಣೆಗೆ ಅದು ಸಾಕು, ಆ ಬೆಲೆಗಷ್ಟೇ ಕೊಳ್ಳಿ. ಕಡಲಿಗೆ ಮುಖಮಾಡಿದ ಕಿಟಕಿಗೆ ಎಳೆಯ ತೇಗ ಹಾಕುವುದಾದರೆ ಬಿಳಿಭಾಗವನ್ನು ಪೂರ್ತಿ ಕೀಸಿಸಿ, ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ. ಎಲ್ಲಕ್ಕಿಂತ ಮುಖ್ಯವಾಗಿ, ಊರಿನ ಹಳೆಯ ಮನೆ ಕೆಡವುವಾಗ ಅದರ ತೊಲೆ, ಜಂತಿ, ದಾರಂದಗಳನ್ನು ಸೌದೆಯ ಬೆಲೆಗೆ ಕೊಡಬೇಡಿ. ಅಂಥ ಚೇಗನ್ನು ಇವತ್ತಿನ ಯಾವ ತೋಟವೂ ನಿಮಗೆ ಕೊಡಲಾರದು. ಮೊಳೆ ಕಿತ್ತು, ಮೇಲ್ಮೈ ಕೀಸಿದರೆ ಅದು ಇನ್ನೊಂದು ಮನೆಗೆ ಬಾಗಿಲಾಗುತ್ತದೆ.